ಕೋನಪ್ಪನ ಅಗ್ರಹಾರದ ಹೊಸ ಭಾಷೆ

ಅಗ್ರಹಾರವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣೆದುರು ನಿಲ್ಲುವ ಚಿತ್ರ ಎಲ್ಲರಿಗೂ ಪರಿಚಿತವಾದದ್ದೇ. ಹೊಳೆಯ ದಂಡೆ, ಇಲ್ಲವೆ ಕೆರೆಯ ಏರಿ. ಎದುರುಬದುರಾಗಿ ಎರಡು ಸಾಲು ಹೆಂಚಿನ ಮನೆಗಳು. ಬೀದಿಯ ತುದಿಗೊಂದು ಗುಡಿ. ಜಗುಲಿಯ ಮೇಲೆ ಕುಳಿತು ಸ್ವರವೆತ್ತಿ ಪಾಠ ಒಪ್ಪಿಸುವ ವಟುಗಳು. ವಿದ್ವಾಂಸರಿಗೆಂದು ಅರಸರು ದಾನವಾಗಿ ಬಿಟ್ಟ ಊರುಗಳನ್ನು ನಮ್ಮ ಶಾಸನಗಳು ಈ ಹೆಸರಿನಿಂದ ಕರೆದಿವೆ. ಮಾತೇ ಅಲ್ಲಿಯ ಬೆಳೆ, ಮಾತೇ ಅಲ್ಲಿಯ ಬಂಡವಾಳ.

ಬೆಂಗಳೂರಿನ ಆಗ್ನೇಯ ದಿಕ್ಕಿನಲ್ಲಿ, ಹೊಸೂರು ರಸ್ತೆಯ ಆಸುಪಾಸಿನಲ್ಲಿ, ಈ ಹೆಸರನ್ನು ಹೊತ್ತ ಊರುಗಳು ಹತ್ತಿರ ಹತ್ತಿರದಲ್ಲೇ ಮೂರಿವೆ. ಪರಪ್ಪನ ಅಗ್ರಹಾರದಲ್ಲಿ ಈಗ ಕೇಂದ್ರ ಕಾರಾಗೃಹವಿದೆ. ಬೆರಟೇನ ಅಗ್ರಹಾರ ಮೆಟ್ರೋ ರೈಲಿನ ಒಂದು ನಿಲ್ದಾಣವಾಗಿದೆ. ಮೂರನೆಯದಾದ ಕೋನಪ್ಪನ ಅಗ್ರಹಾರದಲ್ಲಿ ಮಾತ್ರ ಮಂತ್ರಘೋಷ ಇಂದಿಗೂ ನಿಂತಿಲ್ಲ. ಮಂತ್ರಗಳು ಬೇರೆ, ಅಷ್ಟೆ. ಹಳೆಯ ಮಂತ್ರಗಳ ಹಾಗೆ ಇವನ್ನೂ ಸ್ವರ ತಪ್ಪದಂತೆ ಹೇಳಬೇಕು; ಅರ್ಥವನ್ನು ಕೇಳಬಾರದು.

ಕೋನಪ್ಪನ ಅಗ್ರಹಾರವೆಂದರೆ ಅನೇಕರಿಗೆ ತಿಳಿಯಲಿಕ್ಕಿಲ್ಲ. ಎಲೆಕ್ಟ್ರಾನಿಕ್ ಸಿಟಿ ಎಂದರೆ ಅಮೆರಿಕದಲ್ಲಿರುವ ಸೊಸೆಯೂ ತಲೆದೂಗುತ್ತಾಳೆ. ಎರಡೂ ಒಂದೇ ನೆಲ. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ಅಭಿವೃದ್ಧಿ ನಿಗಮವಾದ ಕಿಯೋನಿಕ್ಸ್ 1976ರಲ್ಲಿ ಸ್ಥಾಪಿತವಾಯಿತು. ಅದರ ಮೊದಲ ಮುಖ್ಯಸ್ಥರಾದ ಆರ್. ಕೆ. ಬಾಳಿಗರು ಬೆಂಗಳೂರನ್ನು ಅಮೆರಿಕದ ಸಿಲಿಕಾನ್ ಕಣಿವೆಗೆ ಸಮನಾಗಿ ಮಾಡಬೇಕೆಂದು ಕನಸು ಕಂಡವರು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ 1978ರಲ್ಲಿ ಈ ನಗರ ತಲೆಯೆತ್ತಿತು. ಅಂದು ಅದನ್ನು ಕಂಡು ನಕ್ಕವರೂ ಇದ್ದಿರಬೇಕು. ಇಂದು ಅಲ್ಲಿ ನಗುವುದಕ್ಕೆ ಬೇರೆಯ ಕಾರಣಗಳಿವೆ.

2025ರ ನವೆಂಬರಿನಲ್ಲಿ ನನಗೆ ಅಲ್ಲಿಗೆ ಹೋಗುವ ಯೋಗ ಒದಗಿತು. ಅಲ್ಲಿಯ ಒಂದು ಕಂಪನಿಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಭಾಷಣ ಮಾಡಬೇಕೆಂದು ಕರೆದಿದ್ದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಸಂಘದ ಕಾರ್ಯದರ್ಶಿ. ಕಂಪನಿಯ ಹೆಸರು ಇಲ್ಲಿ ಅನಗತ್ಯ. ಹೆಸರು ಬದಲಾಯಿಸಿದರೂ ಕಥೆಯಲ್ಲಿ ಒಂದಕ್ಷರ ಬದಲಾಗಲಾರದು.

ಎಲೆಕ್ಟ್ರಾನಿಕ್ ಸಿಟಿಗೆ ಹೋಗುವುದೆಂದರೆ ಕೆಲವು ಕಾಲದ ಹಿಂದೆ ಸಣ್ಣ ತೀರ್ಥಯಾತ್ರೆಯೇ ಆಗಿತ್ತು. ಸಿಲ್ಕ್ ಬೋರ್ಡ್ ವೃತ್ತದಲ್ಲಿ ಬಸ್ಸು ನಿಂತರೆ ಸಹಪ್ರಯಾಣಿಕನ ಗೋತ್ರ, ಸೂತ್ರ, ಮಕ್ಕಳ ಮದುವೆಯ ವಿಚಾರವೆಲ್ಲ ಮುಗಿಯುವಷ್ಟು ಹೊತ್ತು ಸಿಕ್ಕುತ್ತಿತ್ತು. 2010ರಲ್ಲಿ ಸುಮಾರು ಹತ್ತು ಕಿಲೋಮೀಟರು ಉದ್ದದ ಮೇಲುರಸ್ತೆ ಬಂದಿತು. 2025ರ ಆಗಸ್ಟ್ 10ರಂದು ಮೆಟ್ರೋದ ಹಳದಿ ಮಾರ್ಗವೂ ಉದ್ಘಾಟನೆಯಾಯಿತು. ಆರ್. ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, 16 ನಿಲ್ದಾಣಗಳು. ನಾನು ಹತ್ತಿದ್ದು ಅದನ್ನೇ.

ರೈಲಿನೊಳಗಿನ ಪ್ರಕಟಣೆ ಎಷ್ಟು ಹಿತವಾದ ಕನ್ನಡ! ಮುಂದಿನ ನಿಲ್ದಾಣ ಇಂಥದು, ಬಾಗಿಲು ಈ ಕಡೆ ತೆರೆಯುತ್ತದೆ, ಎಚ್ಚರಿಕೆ. ಹೇಳಬೇಕಾದದ್ದನ್ನು ಹೇಳಿ ಸುಮ್ಮನಾಗುತ್ತದೆ. ಆದರೆ ನಿಲ್ದಾಣಗಳ ಹೆಸರಿಗೆ ಮಾತ್ರ ಅಲ್ಲಲ್ಲಿ ಬಾಲಗ್ರಹ ಹಿಡಿದಿದೆ. ಕೋನಪ್ಪನ ಅಗ್ರಹಾರದ ಮುಂದೆ ಇನ್ಫೋಸಿಸ್ ಫೌಂಡೇಶನ್ ಬಂದು ಕುಳಿತಿದೆ. ಹೆಬ್ಬಗೋಡಿಯ ಮುಂದೆ ಬಯೋಕಾನ್. ಬೊಮ್ಮಸಂದ್ರದ ಮುಂದೆ ಡೆಲ್ಟಾ ಎಲೆಕ್ಟ್ರಾನಿಕ್ಸ್. ಹಿಂದೆ ದಾನ ಕೊಟ್ಟವರ ಹೆಸರನ್ನು ಗುಡಿಯ ಮೆಟ್ಟಿಲ ಮೇಲೆ ಕೆತ್ತಿಸುತ್ತಿದ್ದರು. ಈಗ ಊರಿನ ಹೆಸರಿನ ಮೇಲೇ ಕೆತ್ತಿಸುತ್ತಾರೆ. ಪಕ್ಕದ ಹುಸ್ಕೂರಿಗೆ, ಜಾತ್ರೆಯಲ್ಲಿ ಮುಗಿಲೆತ್ತರದ ತೇರೆಳೆಯುವ ಮದ್ದೂರಮ್ಮನ ಊರಿಗೆ, ಇನ್ನೂ ಯಾರೂ ಗಿರಾಕಿಗಳು ಸಿಕ್ಕಿಲ್ಲವೆಂದು ತೋರುತ್ತದೆ.

ಬೊಮ್ಮನಹಳ್ಳಿ, ಹೊಂಗಸಂದ್ರಗಳನ್ನು ದಾಟುವಾಗ ಬಲಗಡೆಯ ಕಿಟಕಿಯಿಂದ ನೋಡಿದರೆ ಕಟ್ಟಡಗಳ ಕಾಡೇ ಹೊರತು ಬೇರೇನೂ ಕಾಣುವುದಿಲ್ಲ. ಆ ಕಾಡಿನಾಚೆ ಕೆಲವೇ ಕಿಲೋಮೀಟರು ದೂರದಲ್ಲಿ ಬೇಗೂರಿದೆ. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ. ಶ. 890ರದೆಂದು ವಿದ್ವಾಂಸರು ಹೇಳುವ ಒಂದು ಶಾಸನವುಂಟು. ಬೆಂಗಳೂರು ಎಂಬ ಹೆಸರು ನಮಗೆ ದೊರೆಯುವ ಅತ್ಯಂತ ಹಳೆಯ ಬರಹವೆಂದು ಅದಕ್ಕೆ ಖ್ಯಾತಿ. ನನಗೆ ಅದು ಪ್ರಿಯವಾಗಿರುವುದು ಇನ್ನೊಂದು ಕಾರಣಕ್ಕೆ. ಬೆಂಗಳೂರಿನ ಕಾಳಗದಲ್ಲಿ ಇಂಥವನು ಸತ್ತನೆಂಬುದಷ್ಟೇ ಅದರ ವಿಷಯ. ಕಲ್ಲು ಕೆತ್ತುವುದು ಶ್ರಮದ ಕೆಲಸ. ಒಂದೊಂದು ಅಕ್ಷರಕ್ಕೂ ಉಳಿಪೆಟ್ಟು ಬೀಳಬೇಕು. ಆದ್ದರಿಂದ ಆ ಕಾಲದವರು ವ್ಯರ್ಥವಾದ ಮಾತನ್ನು ಕೆತ್ತುತ್ತಿರಲಿಲ್ಲ. ಬೆರಳು ತಾಗಿಸಿದರೆ ಸಾಕು, ಪುಟಗಟ್ಟಲೆ ಅಕ್ಷರ ಉದುರುವ ಈ ಕಾಲದಲ್ಲಿ ಆ ಕಟ್ಟುಪಾಡು ಎಲ್ಲಿಂದ ಬರಬೇಕು?

ಕಂಪನಿಯ ಹೆಬ್ಬಾಗಿಲಿನಲ್ಲಿ ಸೆಕ್ಯುರಿಟಿಯವನು ನನ್ನ ಚೀಲವನ್ನು ತೆರೆಸಿ ನೋಡಿದ. ಅದರಲ್ಲಿದ್ದದ್ದು ಒಂದು ಕನ್ನಡ ನಿಘಂಟು, ಒಂದು ಕನ್ನಡಕ, ಮನೆಯಾಕೆ ಕೊಟ್ಟ ಚಕ್ಕುಲಿ. ಮೂರರಲ್ಲಿ ಯಾವುದೂ ಅಪಾಯಕಾರಿಯಲ್ಲವೆಂದು ಖಚಿತಪಡಿಸಿಕೊಂಡು, ಕತ್ತಿಗೆ ನೇತುಹಾಕಿಕೊಳ್ಳುವ ಒಂದು ಚೀಟಿಯನ್ನು ಕೊಟ್ಟ. ಒಳಗೆ ಗಾಜಿನ ಕಟ್ಟಡಗಳು, ಕತ್ತರಿಸಿದ ಹಸುರು ಹುಲ್ಲು, ಬಾತುಕೋಳಿಗಳಿಲ್ಲದ ಒಂದು ಕೊಳ. ಗೋಡೆಯ ಮೇಲೆಲ್ಲ ಆಳೆತ್ತರದ ಅಕ್ಷರಗಳಲ್ಲಿ ಘೋಷವಾಕ್ಯಗಳು. ನಾಳೆಯನ್ನು ಸಬಲಗೊಳಿಸೋಣ, ಸಾಧ್ಯತೆಯನ್ನು ಮರುಕಲ್ಪಿಸೋಣ, ಒಟ್ಟಾಗಿ ಪರಿವರ್ತನೆ. ಇವುಗಳಲ್ಲಿ ಯಾವುದನ್ನು ಕಿತ್ತು ಹತ್ತಿರದ ಸಿಮೆಂಟು ಕಾರ್ಖಾನೆಗೋ ಹಲ್ಲಿನ ಆಸ್ಪತ್ರೆಗೋ ಅಂಟಿಸಿದರೂ ಒಪ್ಪುತ್ತದೆ. ಆ ಕಂಪನಿಯವರು ಏನು ತಯಾರಿಸುತ್ತಾರೆಂದು ನನಗೆ ಗೋಡೆಗಳಿಂದ ತಿಳಿಯಲಿಲ್ಲ. ವಿದ್ಯಾರ್ಥಿಯನ್ನು ಕೇಳಿದೆ.

"ಅಮೆರಿಕದ ವಿಮಾ ಕಂಪನಿಗಳ ಲೆಕ್ಕಪತ್ರಕ್ಕೆ ಸಾಫ್ಟ್‌ವೇರ್ ಮಾಡ್ತೀವಿ ಸಾರ್."

"ಅದನ್ನೇ ಗೋಡೆಯ ಮೇಲೆ ಬರೆಯಬಾರದೇನಯ್ಯಾ?"

"ಬರೆದರೆ ಎಲ್ಲರಿಗೂ ಅರ್ಥವಾಗಿಬಿಡುತ್ತಲ್ಲ ಸಾರ್!"

ಒಂದು ಗಾಜಿನ ಕೋಣೆಯಲ್ಲಿ ಏಳೆಂಟು ಮಂದಿ ಹುಡುಗ ಹುಡುಗಿಯರು ನಿಂತುಕೊಂಡು ಮಾತನಾಡುತ್ತಿದ್ದರು. ಕುರ್ಚಿಗಳಿದ್ದವು, ಯಾರೂ ಕುಳಿತಿರಲಿಲ್ಲ. ಶಿಕ್ಷೆಯೇ ಎಂದು ವಿಚಾರಿಸಿದರೆ, ಅಲ್ಲ, ಅದು ಸ್ಟ್ಯಾಂಡ್‌ಅಪ್ ಎಂಬ ನಿತ್ಯವಿಧಿ. ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೇನೆ, ಅಡ್ಡಿ ಏನಿದೆ, ಈ ಮೂರನ್ನು ಒಬ್ಬೊಬ್ಬರೂ ಹೇಳಬೇಕು. ಕಾಲು ನೋಯುವುದರೊಳಗೆ ಮುಗಿಯಲೆಂದು ನಿಲ್ಲುವುದು. ಈ ಪದ್ಧತಿಗೆ ಸ್ಕ್ರಮ್ ಎಂದು ಹೆಸರು. ರಗ್ಬಿ ಆಟದಲ್ಲಿ ಆಟಗಾರರು ತಲೆಗೆ ತಲೆ ಕೊಟ್ಟು ಒತ್ತುವ ಕ್ರಿಯೆಯಿಂದ ಬಂದ ಮಾತು. 1986ರಲ್ಲಿ ಟಕೆಯುಚಿ ಮತ್ತು ನೊನಾಕ ಎಂಬ ಇಬ್ಬರು ಜಪಾನೀ ಪ್ರಾಧ್ಯಾಪಕರು ಒಂದು ಲೇಖನದಲ್ಲಿ ಉಪಯೋಗಿಸಿದ ಉಪಮೆ. 2001ರಲ್ಲಿ 17 ಮಂದಿ ತಂತ್ರಜ್ಞರು ಅಮೆರಿಕದ ಯೂಟಾ ಸಂಸ್ಥಾನದ ಹಿಮಕ್ರೀಡಾ ಧಾಮವೊಂದರಲ್ಲಿ ಸೇರಿ, ಕಡತ ಕಾಗದಗಳ ಹೊರೆಯನ್ನು ಇಳಿಸಿ ಚುರುಕಾಗಿ ಕೆಲಸ ಮಾಡೋಣವೆಂದು ಒಂದು ಪುಟದ ಘೋಷಣೆಯನ್ನು ಹೊರಡಿಸಿದರು. ಅದರ ಹೆಸರು ಅಜೈಲ್. ಒಂದು ಪುಟದ ಆ ಸೂತ್ರಕ್ಕೆ ಈಗ ಎಷ್ಟು ಭಾಷ್ಯಗಳು, ಎಷ್ಟು ತರಬೇತಿಗಳು, ಎಷ್ಟು ಪ್ರಮಾಣಪತ್ರಗಳು ಹುಟ್ಟಿಕೊಂಡಿವೆಯೆಂದರೆ ಬ್ರಹ್ಮಸೂತ್ರದ ಭಾಷ್ಯಕಾರರೂ ನಾಚಬೇಕು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಆ ಮಕ್ಕಳ ಮಾತಿನಲ್ಲಿ ನನಗೆ ಗೊತ್ತಿಲ್ಲದ ಪದಗಳು ಎಷ್ಟೋ ಇದ್ದವು. ಬಗ್, ಕ್ಯಾಷ್, ಸರ್ವರ್, ಬ್ಯಾಕಪ್. ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಬಡಗಿಗೆ ಉಳಿ, ಬಾಚಿ, ತೋಪಡ ಇದ್ದ ಹಾಗೆ ಇವು ಆ ಕಸುಬಿನ ಹತ್ಯಾರುಗಳು. ಒಂದೊಂದಕ್ಕೂ ಒಂದೊಂದು ವಸ್ತು ಅಥವಾ ಕೆಲಸ ಬೆನ್ನಿಗಿದೆ. ಪರಭಾಷೆಯ ಪದಗಳೆಂಬ ಮಡಿಯೂ ನನಗಿಲ್ಲ. ಕಚೇರಿ, ಕಾಗದ, ಪುರಸೊತ್ತುಗಳನ್ನೆಲ್ಲ ನಾವು ಹೊರಗಿನಿಂದಲೇ ತಂದು ಮನೆಯ ಮಗನ ಹಾಗೆ ಸಾಕಿಕೊಂಡಿಲ್ಲವೆ? ನಾನು ಗಮನಿಸಿದ್ದು ಬೇರೆ. ಕೆಳಗಿನ ಅಂತಸ್ತಿನಲ್ಲಿ ಕೆಲಸ ಮಾಡುವವರು "ಇದು ಕೆಟ್ಟಿದೆ, ನಾನು ಕೆಡಿಸಿದ್ದು, ಸಂಜೆಯೊಳಗೆ ಸರಿಮಾಡುತ್ತೇನೆ" ಎನ್ನುತ್ತಾರೆ. ಒಂದೊಂದು ಮಹಡಿ ಏರಿದಂತೆ ಮಾತಿಗೆ ಮಂಜು ಕವಿಯುತ್ತದೆ. ಐದನೆಯ ಮಹಡಿಯನ್ನು ಮುಟ್ಟುವ ಹೊತ್ತಿಗೆ ಕೆಟ್ಟದ್ದು ಯಾವುದು, ಕೆಡಿಸಿದವರು ಯಾರು, ಒಂದೂ ಕಾಣದು.

ಆ ಐದನೆಯ ಮಹಡಿಯಿಂದ ಇಳಿದು ಬಂದ ಮಹನೀಯರೊಬ್ಬರು ನಮ್ಮ ಸಭೆಗೆ ಸ್ವಾಗತ ಕೋರಿದರು. ಕನ್ನಡಿಗರೇ, ಸಜ್ಜನರು, ಕೈಮುಗಿದು ನನ್ನನ್ನು ಮಾತನಾಡಿಸಿದಾಗ ಅಚ್ಚ ಹಾಸನದ ಕನ್ನಡ. ಮೈಕಿನ ಮುಂದೆ ನಿಂತ ಕ್ಷಣ ಅವರ ಮೈಮೇಲೆ ಏನೋ ಆವೇಶವಾದಂತೆ ಭಾಷೆ ತಿರುಗಿತು. "ನಮ್ಮ ಡೈವರ್ಸ್ ಟ್ಯಾಲೆಂಟ್ ಪೂಲ್‌ನ ಲಿಂಗ್ವಿಸ್ಟಿಕ್ ಅಸೆಟ್ಸನ್ನು ಲೆವರೇಜ್ ಮಾಡಿ, ಕಲ್ಚರಲ್ ಸಿನರ್ಜಿ ಡ್ರೈವ್ ಮಾಡುವ ಒಂದು ಹೋಲಿಸ್ಟಿಕ್ ಜರ್ನಿಯಲ್ಲಿ ಕನ್ನಡ ನಮಗೆ ಕೀ ಎನೇಬ್ಲರ್" ಎಂದರು. ಸಭೆ ಚಪ್ಪಾಳೆ ತಟ್ಟಿತು. ಕನ್ನಡಮ್ಮ ತನ್ನ ಎರಡು ಸಾವಿರ ವರ್ಷಗಳ ಬಾಳಿನಲ್ಲಿ ಏನೇನೋ ಬಿರುದು ಹೊತ್ತಿದ್ದಾಳೆ; ಕೀ ಎನೇಬ್ಲರ್ ಎಂಬ ಬಿರುದು ಅದೇ ಮೊದಲಿರಬೇಕು.

ಚಪ್ಪಾಳೆಯ ನಡುವೆ ಹಿಂದಿನ ಸಾಲಿನ ಇಬ್ಬರು ಹುಡುಗಿಯರು ಒಂದು ಚೀಟಿಯ ಮೇಲೆ ಏನನ್ನೋ ಗುರುತು ಹಾಕಿಕೊಳ್ಳುತ್ತಿದ್ದರು. ಆಮೇಲೆ ತಿಳಿಯಿತು, ಅದೊಂದು ಆಟ. ನಾವು ಮದುವೆ ಮನೆಗಳಲ್ಲಿ ತಂಬೋಲ ಆಡುವುದಿಲ್ಲವೆ? ಅದೇ ಬಗೆಯ ಚೌಕಗಳ ಚೀಟಿ. ಅಂಕಿಗಳ ಬದಲು ಸಿನರ್ಜಿ, ಲೆವರೇಜ್, ಈಕೋಸಿಸ್ಟಮ್ ಮೊದಲಾದ ಮಾತುಗಳು. ಭಾಷಣಕಾರ ಉಚ್ಚರಿಸಿದಂತೆಲ್ಲ ಗೆರೆ ಎಳೆಯುವುದು. ಒಂದು ಸಾಲು ತುಂಬಿದವರು ಗೆದ್ದಂತೆ. ಇದು ಅವರ ಸ್ವಂತ ಕಲ್ಪನೆಯಲ್ಲ. 1993ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಟಾಮ್ ಡೇವಿಸ್ ಎಂಬ ವಿಜ್ಞಾನಿ ಇದನ್ನು ಹೂಡಿದರು. ಮರುವರ್ಷ ಡಿಲ್ಬರ್ಟ್ ಎಂಬ ವ್ಯಂಗ್ಯಚಿತ್ರಮಾಲೆಯಲ್ಲಿ ಕಾಣಿಸಿಕೊಂಡು ಜಗತ್ತಿಗೆಲ್ಲ ಹರಡಿತು. 1996ರಲ್ಲಿ ಅಮೆರಿಕದ ಉಪಾಧ್ಯಕ್ಷರಾಗಿದ್ದ ಆಲ್ ಗೋರ್ ಎಂಐಟಿಯ ಪದವಿಪ್ರದಾನ ಭಾಷಣಕ್ಕೆ ಹೋದಾಗ ಅಲ್ಲಿಯ ತುಂಟ ವಿದ್ಯಾರ್ಥಿಗಳು ಈ ಚೀಟಿಗಳನ್ನು ಸಭಿಕರಿಗೆ ಹಂಚಿದ್ದರಂತೆ. ನನ್ನ ಭಾಷಣದಿಂದ ಆ ಹುಡುಗಿಯರಿಗೆ ಒಂದು ಚೌಕವೂ ತುಂಬಲಿಲ್ಲವೆಂದು ಕೇಳಿ ಸಂತೋಷಪಟ್ಟೆ. ಅವರಿಗೆ ನಿರಾಶೆಯಾಯಿತು.

ಸಭೆ ಮುಗಿದ ಮೇಲೆ ಕನ್ನಡ ಸಂಘದ ತರುಣರು ನನ್ನನ್ನು ಸುತ್ತುವರಿದು ತಮ್ಮ ಶಬ್ದಭಂಡಾರವನ್ನು ಬಿಚ್ಚಿಟ್ಟರು. ಓದುಗರ ವಿನೋದಕ್ಕೆ ಕೆಲವನ್ನು ಇಲ್ಲಿ ಕೊಡುತ್ತೇನೆ.

ಬ್ಯಾಂಡ್‌ವಿಡ್ತ್ ಎಂಬುದು ಮೂಲತಃ ರೇಡಿಯೋ ತಂತ್ರಜ್ಞಾನದ ಗಂಭೀರ ಪದ. ಸಂಕೇತವೊಂದು ಆಕ್ರಮಿಸುವ ತರಂಗಗಳ ಹರವು. ಕಚೇರಿಗೆ ಬಂದ ಮೇಲೆ ಅದು ಪುರಸೊತ್ತಾಗಿದೆ. "ನನಗೆ ಬ್ಯಾಂಡ್‌ವಿಡ್ತ್ ಇಲ್ಲ" ಎಂದರೆ ಪುರಸೊತ್ತಿಲ್ಲ ಎಂದಷ್ಟೇ. ಆದರೆ ಪುರಸೊತ್ತಿಲ್ಲ ಎಂದವನು ಸೋಮಾರಿ, ಬ್ಯಾಂಡ್‌ವಿಡ್ತ್ ಇಲ್ಲ ಎಂದವನು ಕಾರ್ಯಭಾರದಿಂದ ಬಳಲಿದ ಮಹಾಪುರುಷ. "ಸರ್ಕಲ್ ಬ್ಯಾಕ್ ಮಾಡುತ್ತೇನೆ" ಎಂದರೆ ಸುತ್ತು ಹೊಡೆದು ಮತ್ತೆ ಬರುತ್ತೇನೆಂದು ಶಬ್ದಾರ್ಥ. ಬಂದವರನ್ನು ಯಾರೂ ಕಂಡಿಲ್ಲ. ಹಿಂದೊಮ್ಮೆ ನಮ್ಮ ಬೀದಿಗಳಲ್ಲಿ ದೆವ್ವ ಬಾಗಿಲು ತಟ್ಟುತ್ತದೆಂದು ಸುದ್ದಿ ಹಬ್ಬಿ, ಮನೆಮನೆಯ ಬಾಗಿಲ ಮೇಲೂ 'ನಾಳೆ ಬಾ' ಎಂದು ಬರೆದಿದ್ದರಲ್ಲವೆ? ಸರ್ಕಲ್ ಬ್ಯಾಕ್ ಎಂಬುದಕ್ಕೆ ಅದಕ್ಕಿಂತ ನಿಷ್ಕೃಷ್ಟವಾದ ಕನ್ನಡವನ್ನು ನಾನು ಕಾಣೆ. ಸುಲಭವಾದ ಕೆಲಸಕ್ಕೆ ಕೆಳಗೆ ತೂಗುವ ಹಣ್ಣು ಎನ್ನುತ್ತಾರೆ. ಈ ಮಾತನ್ನು ಹುಟ್ಟಿಸಿದವರು ಹಳ್ಳಿಯಲ್ಲಿ ಬೆಳೆದವರಲ್ಲ. ಸೀಬೆಮರದ ಕೆಳಗೊಂಬೆಯ ಹಣ್ಣು ಶಾಲೆ ಬಿಟ್ಟ ಮಕ್ಕಳ ಪಾಲಾಗದೆ ಯಜಮಾನನ ಕೈಗೆ ಸಿಕ್ಕ ಉದಾಹರಣೆ ನಮ್ಮ ಕಡೆ ಇಲ್ಲ. ಅಸಾಧ್ಯವಾದ ಕೆಲಸಕ್ಕೆ ಕೈಹಾಕುವುದು ಸಮುದ್ರವನ್ನು ಕುದಿಸುವುದಂತೆ. ನಮ್ಮ ದೇವದಾನವರು ಬರಿದೆ ಕಡೆದರು. ಕುದಿಸುವಷ್ಟು ಬಜೆಟ್ಟು ಅವರಿಗಿರಲಿಲ್ಲ.

ನೂರು ಕೋಟಿ ಡಾಲರಿಗೆ ಮಿಕ್ಕಿ ಬೆಲೆಬಾಳುವ ಹೊಸ ಕಂಪನಿಗೆ ಯೂನಿಕಾರ್ನ್, ಅಂದರೆ ಒಂದು ಕೊಂಬಿನ ಕುದುರೆಯೆಂದು ಹೆಸರು. ಐಲೀನ್ ಲೀ ಎಂಬ ಹೂಡಿಕೆದಾರ ಮಹಿಳೆ 2013ರಲ್ಲಿ ಈ ಹೆಸರಿಟ್ಟಾಗ ಅಂಥವು 39 ಇದ್ದವು. ಅಪರೂಪವೆಂಬುದಕ್ಕೇ ಆ ಹೆಸರು. ಬಳಿಕ ಅವುಗಳ ಸಂತತಿ ಕುರಿಮಂದೆಯ ಹಾಗೆ ಬೆಳೆಯಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು. ನಮಗೂ ಕೊಂಬುಳ್ಳ ಒಬ್ಬ ಮುನಿಕುಮಾರನುಂಟು, ಋಷ್ಯಶೃಂಗ. ಅವನು ಕಾಲಿಟ್ಟಲ್ಲಿ ಮಳೆ ಸುರಿಯಿತೆಂದು ಕಥೆ. ಯೂನಿಕಾರ್ನನ್ನು ಕರೆತಂದವರ ನಿರೀಕ್ಷೆಯೂ ಅದೇ. ಮಳೆ ಯಾವುದರದೆಂಬುದಷ್ಟೇ ವ್ಯತ್ಯಾಸ.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಬೆಂಚಿನ ಪ್ರಸಂಗ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಸಂಬಳವಿದ್ದು ಕೆಲಸ ಹಚ್ಚದ ನೌಕರನನ್ನು ಬೆಂಚಿನ ಮೇಲಿದ್ದಾನೆ ಎನ್ನುತ್ತಾರೆ. ಆಟದ ಮೈದಾನದ ಅಂಚಿನಲ್ಲಿ ಸರದಿಗೆ ಕಾಯುವ ಆಟಗಾರನ ಹೋಲಿಕೆ. ನನ್ನ ವಿದ್ಯಾರ್ಥಿ ಮೊದಲ ವರ್ಷ ಮೂರು ತಿಂಗಳು ಹಾಗೆ ಕುಳಿತಿದ್ದ. ಊರಿನಿಂದ ತಾಯಿ ಫೋನು ಮಾಡಿ ಕೇಳಿದಾಗ, "ಬೆಂಚಿನಲ್ಲಿದ್ದೇನಮ್ಮ" ಎಂದನಂತೆ. ಧಾರವಾಡದಲ್ಲಿಯೂ ಕಲಬುರಗಿಯಲ್ಲಿಯೂ ಹೈಕೋರ್ಟಿನ ಬೆಂಚ್ ಇರುವುದನ್ನು ಪತ್ರಿಕೆಯಲ್ಲಿ ಓದಿದ್ದ ಆ ತಾಯಿ, ಮಗ ಬೆಂಚನ್ನೇರಿದನೆಂದು ಓಣಿಗೆಲ್ಲ ಪೇಡೆ ಹಂಚಿದಳು. "ಆಮೇಲೆ ನಿಜ ಹೇಳಿದೆಯಾ?" ಎಂದೆ. "ಹೇಗೆ ಹೇಳಲಿ ಸಾರ್? ಎರಡು ಸಂಬಂಧ ಬಂದುಬಿಟ್ಟಿದ್ದವು."

ಇಷ್ಟು ನಕ್ಕ ಮೇಲೆ ನಮ್ಮ ಮನೆಯ ತೊಲೆಯನ್ನೂ ನೋಡಿಕೊಳ್ಳುವುದು ನ್ಯಾಯ. 'ಸದರಿ ವಿಷಯದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬ ವಾಕ್ಯವನ್ನು ಬರೆದವರು ಸಾಫ್ಟ್‌ವೇರಿನವರಲ್ಲ. ನಮ್ಮ ಸರ್ಕಾರಿ ಕನ್ನಡದ ಗುಮಾಸ್ತರು. ಕ್ರಮ ಯಾವುದು, ಕೈ ಯಾರದು, ದಿನ ಎಂದು, ಒಂದನ್ನೂ ಹೇಳದ ಪರಿಪೂರ್ಣ ವಾಕ್ಯವದು. ಕಾಲೇಜುಗಳ ಪಾಡೂ ಬೇರೆಯಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಶ್ರೇಣಿ ಕೊಡುವ ನ್ಯಾಕ್ ಸಂಸ್ಥೆ 1994ರಲ್ಲಿ ಹುಟ್ಟಿತು. ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಅದರ ಮುಂದಿಡಬೇಕಾದ ವರದಿಗಳಲ್ಲಿ ಪಂಪಭಾರತದ ಪಾಠಕ್ಕೂ 'ಕಲಿಕಾ ಫಲಿತ'ವನ್ನು ಕಾಣಿಸಬೇಕು. ವಿದ್ಯಾರ್ಥಿ, ತಂದೆತಾಯಿ, ಅಧ್ಯಾಪಕ ಎಲ್ಲರೂ 'ಸ್ಟೇಕ್‌ಹೋಲ್ಡರು'ಗಳು. ಕರ್ಣನ ಸಾವಿನ ಭಾಗವನ್ನು ಓದಿ ಕಣ್ಣೊರೆಸಿಕೊಂಡ ಹುಡುಗಿಯ ಫಲಿತವನ್ನು ಯಾವ ಕೋಷ್ಟಕದಲ್ಲಿ ತುಂಬಬೇಕೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಊಟದ ಹೊತ್ತಾಯಿತು. ಸಾವಿರ ಜನ ಒಟ್ಟಿಗೆ ಕೂರುವಂಥ ಭೋಜನಶಾಲೆ. ಬಿಸಿಬೇಳೆ ಭಾತ್ ಚೆನ್ನಾಗಿತ್ತು. ನಮ್ಮ ಮೇಜಿಗೆ ಬಂದು ಕುಳಿತವರಲ್ಲಿ ನಲವತ್ತೈದರ ಆಸುಪಾಸಿನ ಒಬ್ಬರಿದ್ದರು. ಹದಿನಾರು ವರ್ಷದಿಂದ ಅದೇ ಕಂಪನಿಯಲ್ಲಿರುವವರು. ನನ್ನ ವಿದ್ಯಾರ್ಥಿ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದ. ಕೆಲಸ ಕಲಿಸಿದವರು ಅವರೇ ಅಂತೆ. ಎಲ್ಲರೂ ನಗುತ್ತಿದ್ದಾಗ ಅವರೂ ನಕ್ಕರು, ಆದರೆ ತಟ್ಟೆಯಲ್ಲಿದ್ದದ್ದು ಹಾಗೆಯೇ ಇತ್ತು. ಉಳಿದವರು ಕೈತೊಳೆಯಲು ಎದ್ದಾಗ ಮೊಬೈಲನ್ನು ನನ್ನ ಮುಂದೆ ಹಿಡಿದು, "ಸಾರ್, ನೀವು ಕನ್ನಡದ ಮೇಷ್ಟ್ರು. ಇದನ್ನ ಕನ್ನಡದಲ್ಲಿ ಹೇಗೆ ಹೇಳಬೇಕು? ನಮ್ಮಪ್ಪನಿಗೆ ತಿಳಿಸಬೇಕು" ಎಂದರು. ತಂದೆ ತಿಪಟೂರಿನ ಕಡೆಯ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ನಿವೃತ್ತ ಉಪಾಧ್ಯಾಯರು.

ಪತ್ರ ಹಿಂದಿನ ದಿನ ಬಂದದ್ದು, ಎರಡು ಪುಟ. ಮೊದಲ ಪುಟದಲ್ಲಿ ಕಂಪನಿಯ ಪಯಣ, ಬದಲಾಗುತ್ತಿರುವ ಜಗತ್ತು, ಕೃತಕ ಬುದ್ಧಿಮತ್ತೆ, ಗ್ರಾಹಕರ ಸಂತೋಷ. ಎರಡನೆಯ ಪುಟದ ನಡುವೆ ಒಂದು ವಾಕ್ಯ. ಅದನ್ನು ಮೊದಲು ಪದಕ್ಕೆ ಪದವಿಟ್ಟು ಬರೆದು ನೋಡಿದೆ: 'ಭವಿಷ್ಯಸನ್ನದ್ಧ ಕಾರ್ಯಮಾದರಿಯ ದಿಕ್ಕಿನಲ್ಲಿ ನಮ್ಮ ವ್ಯೂಹಾತ್ಮಕ ಪುನರ್ಜೋಡಣೆಯ ಅಂಗವಾಗಿ ತಮ್ಮ ಪಾತ್ರವು ಪ್ರಭಾವಕ್ಕೆ ಒಳಗಾಗಿರುವುದೆಂದು ಗುರುತಿಸಲಾಗಿದೆ.' ಅವರು ಓದಿ, "ಪಾತ್ರ ಅಂದರೆ ಅಪ್ಪ ನಾನು ನಾಟಕಕ್ಕೆ ಸೇರಿದೆ ಅಂದುಕೊಳ್ತಾರೆ ಸಾರ್" ಎಂದರು. ಅವರ ಅಮ್ಮನಾದರೆ ಪಾತ್ರೆಯೆಂದೇ ತಿಳಿಯುತ್ತಿದ್ದರೇನೋ.

ವ್ಯಾಕರಣ ಪಾಠದಲ್ಲಿ ನಾವು ಮಕ್ಕಳಿಗೆ ಮೊದಲು ಕಲಿಸುವುದು ಕರ್ತೃಪದವನ್ನು ಹುಡುಕುವುದನ್ನು. ಯಾರು ಎಂದು ಕೇಳು, ಬಂದ ಉತ್ತರವೇ ಕರ್ತೃ. ಈ ವಾಕ್ಯವನ್ನು ಯಾರು ಎಂದು ಕೇಳಿದೆ; ಉತ್ತರ ಬರಲಿಲ್ಲ. ಗುರುತಿಸಿದವರಿಲ್ಲ, ಗುರುತಿಸಲಾಗಿದೆ. ಪ್ರಭಾವ ಬೀರಿದವರಿಲ್ಲ, ಪ್ರಭಾವಕ್ಕೆ ಒಳಗಾಗಿದೆ. ಒಳಗಾದದ್ದೂ ಮನುಷ್ಯನಲ್ಲ, ಅವನ ಪಾತ್ರ. ನೆರೆ ಬಂದು ಸೇತುವೆ ಕೊಚ್ಚಿಹೋದ ಸುದ್ದಿಯನ್ನು ಹೀಗೆ ಬರೆಯಬಹುದು. ಆ ಬೆಳಗ್ಗೆ ನಾವು ನಕ್ಕ ಮಾತುಗಳೆಲ್ಲ ಅರ್ಥವಿಲ್ಲದವು ಎಂದುಕೊಂಡಿದ್ದೆವಷ್ಟೆ. ಅರ್ಥವಿಲ್ಲದಿರುವುದೇ ಅವಕ್ಕೆ ವಹಿಸಿದ ಉದ್ಯೋಗವೆಂದು ಆ ಪತ್ರ ಓದುವಾಗ ತೋರಿತು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆಂಗ್ಲ ಲೇಖಕ ಜಾರ್ಜ್ ಆರ್ವೆಲ್ 1946ರ ಒಂದು ಪ್ರಬಂಧದಲ್ಲಿ ರಾಜಕಾರಣಿಗಳ ಭಾಷೆಯ ವಿಷಯದಲ್ಲಿ ಇದನ್ನೇ ಹೇಳಿದ್ದಾನೆ. ಹಳ್ಳಿಗಳ ಮೇಲೆ ಬಾಂಬು ಹಾಕುವುದಕ್ಕೆ ಶಾಂತಿಸ್ಥಾಪನೆಯೆಂಬ ಹೆಸರಿಡುವುದನ್ನು ಉದಾಹರಿಸಿದ್ದಾನೆ. ಕಂಪನಿಗಳ ಚರಿತ್ರೆಯಲ್ಲಿಯೂ ನಿದರ್ಶನಗಳುಂಟು. ನೋಕಿಯಾದ ಫೋನ್ ವಿಭಾಗವನ್ನು ಮೈಕ್ರೋಸಾಫ್ಟ್ ಕೊಂಡುಕೊಂಡ ಬಳಿಕ, 2014ರ ಜುಲೈನಲ್ಲಿ, ಅದರ ಅಧಿಕಾರಿ ಸ್ಟೀಫನ್ ಎಲಾಪ್ ನೌಕರರಿಗೆ ಒಂದು ಓಲೆ ಕಳಿಸಿದರು. ಸ್ನೇಹಿತರನ್ನು ಮಾತನಾಡಿಸುವಂಥ ಹಗುರವಾದ ನಮಸ್ಕಾರದಿಂದ ಅದು ಆರಂಭವಾಗುತ್ತದೆ. ಪ್ಯಾರಾದ ಮೇಲೆ ಪ್ಯಾರಾ ಫೋನುಗಳ ಭವಿಷ್ಯ, ಗುರಿ, ಹೊಂದಾಣಿಕೆಗಳ ವಿಚಾರ ಹರಿದು, ತೀರ ಕೆಳಗೆ, ಸುಮಾರು 12,500 ಮಂದಿಯ ಕೆಲಸ ಹೋಗಲಿದೆಯೆಂಬ ಸಂಗತಿ ಬರುತ್ತದೆ. ಆ ವರ್ಷವೇ ನವೆಂಬರಿನಲ್ಲಿ ಚೆನ್ನೈ ಬಳಿಯ ಶ್ರೀಪೆರಂಬುದೂರಿನ ನೋಕಿಯಾ ಕಾರ್ಖಾನೆಯೂ ಬಾಗಿಲು ಮುಚ್ಚಿತು.

ನಮ್ಮ ಊರಿನ ಹೆಸರೇ ಇಂಥ ಒಂದು ಪದವಾಗಿತ್ತೆಂಬುದನ್ನೂ ಮರೆಯಬಾರದು. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ನೌಕರನೊಬ್ಬನ ಕೆಲಸ ಭಾರತಕ್ಕೆ ವರ್ಗವಾದರೆ ಅವನು 'ಬ್ಯಾಂಗಲೋರ್ಡ್' ಆದನೆನ್ನುತ್ತಿದ್ದರು. ನಾವು ಆಗ ಅದನ್ನು ಕೇಳಿ ಒಳಗೊಳಗೇ ಹೆಮ್ಮೆಪಟ್ಟೆವು. ನನ್ನೆದುರು ಕುಳಿತಿದ್ದವರು ಕೆಲಸಕ್ಕೆ ಸೇರಿದ್ದು ಆ ದಿನಗಳ ಕೊನೆಯಲ್ಲೇ. ದೂರದ ಆ ಅಮೆರಿಕನ್ನನಿಗೂ ಎರಡು ಪುಟದ ಪತ್ರ ಬಂದಿದ್ದಿರಬೇಕು. ಅವನೂ ಯಾರ ಮುಂದೆಯೋ ಅದನ್ನು ಹಿಡಿದು ಅರ್ಥ ಕೇಳಿದ್ದಿರಬೇಕು.

ನಾನು ಬರೆದದ್ದನ್ನು ಹೊಡೆದುಹಾಕಿ ಕೆಳಗೆ ಇನ್ನೊಂದು ಬರೆದೆ. 'ಅಪ್ಪ, ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಎರಡು ತಿಂಗಳ ಸಂಬಳ ಕೊಡುತ್ತಾರೆ.' ಎರಡು ಪುಟದ ಪತ್ರದಲ್ಲಿದ್ದದ್ದು ಅಷ್ಟೆ. ಬೇಗೂರಿನ ಕಲ್ಲಿನ ಮೇಲೂ ಜಾಗ ಸಾಲುತ್ತಿತ್ತು. ಅವರು ಬಹಳ ಹೊತ್ತು ಅದನ್ನು ನೋಡಿದರು. ಇಂಗ್ಲಿಷಿನಲ್ಲಿ ಹಿಂದಿನ ದಿನದಿಂದ ಹತ್ತಾರು ಸಲ ಓದಿದ್ದ ಸುದ್ದಿ ಆಗ ತಾನೇ ತಲುಪಿದ ಹಾಗೆ ಅವರ ಮುಖ ಬದಲಾಯಿತು. ಹೀಗೆ ಬರೆಯಬಾರದಾಗಿತ್ತೇನೋ ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಮಂಜಿನ ಭಾಷೆಯಲ್ಲಿ ಇಂಥ ಒಂದು ಕರುಣೆಯೂ ಇರಬಹುದೆ? ಇದ್ದರೂ ಅದು ಪಡೆದವನಿಗಿಂತ ಕೊಟ್ಟವನ ಮೇಲೆಯೇ ಹೆಚ್ಚು ತೋರಿದ ಕರುಣೆ.

"ತೆಗೆದಿದ್ದಾರೆ ಅಂದರೆ, ಯಾರೋ ಅಂತ ಅಪ್ಪ ಕೇಳ್ತಾರೆ ಸಾರ್" ಎಂದರು.

"ಏನು ಹೇಳುತ್ತೀರಿ?"

"ನನಗೂ ಗೊತ್ತಿಲ್ಲವಲ್ಲ. ನಮ್ಮ ಮ್ಯಾನೇಜರನ್ನ ಕೇಳಿದೆ. ನಿರ್ಧಾರ ನನ್ನದಲ್ಲ, ಬಿಸಿನೆಸ್ಸಿನದು ಅಂದರು. ಅವರೂ ಒಳ್ಳೆಯವರೇ. ಅವರ ಕಣ್ಣಲ್ಲೂ ನೀರಿತ್ತು."

ಅಷ್ಟರಲ್ಲಿ ನನ್ನ ವಿದ್ಯಾರ್ಥಿ ಮೂರು ಲೋಟ ಕಾಫಿ ಹಿಡಿದು ಬಂದ. ವಿಷಯ ಅವನಿಗೂ ತಿಳಿದಿತ್ತೆಂದು ಕಾಣುತ್ತದೆ. ಏನೂ ಕೇಳದೆ ಅವರ ಪಕ್ಕದಲ್ಲಿ ಕುಳಿತ. ಕಾಫಿ ಮುಗಿಯುವವರೆಗೆ ತಿಪಟೂರಿನ ತೆಂಗಿನ ಬೆಲೆಯ ಮಾತನ್ನಾಡಿದೆವು. ಎರಡು ಎಕರೆ ತೋಟವಿದೆಯಂತೆ. ಮಗಳು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಳಂತೆ.

ಹೊರಡುವಾಗ ಅವರೇ ನನ್ನನ್ನು ಹೆಬ್ಬಾಗಿಲಿನವರೆಗೆ ಬಿಡಲು ಬಂದರು. ಕೆಳಗಿನ ಅಂತಸ್ತಿನ ಒಂದು ಕಿಟಕಿಯ ಬಳಿ ನಿಂತು, "ಒಂದು ನಿಮಿಷ ಸಾರ್, ಇವತ್ತೇ ಕೊಡಬೇಕಂತೆ" ಎಂದು ಚೀಲವನ್ನು ಬಿಚ್ಚಿದರು. ಕಿಟಕಿಯೊಳಗಿನ ಹುಡುಗ ಅಚ್ಚಾದ ಹಾಳೆಯೊಂದನ್ನು ಅವರತ್ತ ತಳ್ಳಿದ. ಪಕ್ಕದಲ್ಲಿದ್ದ ನನ್ನ ಕಣ್ಣಿಗೂ ಅದು ಬಿದ್ದಿತು. ಲ್ಯಾಪ್‌ಟಾಪ್ 1. ಚಾರ್ಜರ್ 1. ಗುರುತಿನ ಚೀಟಿ 1. ಡ್ರಾಯರಿನ ಬೀಗದ ಕೈ 1. ಪ್ರತಿಯೊಂದರ ಮುಂದೆ ತರಬೇಕಾದವರ ಹೆಸರು, ತೆಗೆದುಕೊಂಡವರ ಹೆಸರು, ದಿನಾಂಕ, ಗಂಟೆ. ಹಾಳೆಯ ಅಡಿಯಲ್ಲಿ, ಒಂದು ವಸ್ತು ಕಡಿಮೆಯಾದರೂ ಅದರ ಬೆಲೆಯನ್ನು ಕೊನೆಯ ಸಂಬಳದಲ್ಲಿ ಹಿಡಿಯುತ್ತೇವೆಂದು ಒಂದು ಸಾಲು. ಹುಡುಗ ಒಂದೊಂದನ್ನೇ ಎಣಿಸಿ ಗುರುತು ಹಾಕಿದ. ಬೀಗದ ಕೈ ಸಿಗಲಿಲ್ಲ. ಅವರು ಚೀಲದ ಒಳಜೇಬುಗಳನ್ನೆಲ್ಲ ಹುಡುಕತೊಡಗಿದರು. ನಾನು ಅವರ ಊಟದ ಡಬ್ಬಿಯನ್ನು ಹಿಡಿದುಕೊಂಡು ನಿಂತೆ.